ದನಿ ದಾಟಿಸಿದ ಮ್ಯಾಕ್ಸಿಮ್

ಮ್ಯಾಕ್ಸಿಮ್ ಎಂಬ ಹೆಸರನ್ನು ಕೇಳಿದೊಡನೆ ಚರಿತ್ರೆ ಓದಿದವರಿಗೆ ನೆನಪಾಗುವುದು ಒಂದು ಬಂದೂಕು. ಕುದುರೆಯನ್ನು ಒತ್ತಿ ಹಿಡಿದರೆ ಸಾಕು, ತಾನೇ ಗುಂಡು ತುಂಬಿಕೊಂಡು ತಾನೇ ಹಾರಿಸುತ್ತ ಹೋಗುವ ಆ ಯಂತ್ರವನ್ನು 1884ರ ಸುಮಾರಿನಲ್ಲಿ ಲಂಡನ್ನಿನಲ್ಲಿ ನಿರ್ಮಿಸಿದವನು ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್. ಆಫ್ರಿಕದ ಬಯಲುಗಳಲ್ಲಿ ಅದು ನಡೆಸಿದ ಹಾವಳಿಯನ್ನೂ ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಅದರ ಸಂತತಿ ನಡೆಸಿದ ಸಂಹಾರವನ್ನೂ ಇಲ್ಲಿ ವರ್ಣಿಸಬೇಕಾಗಿಲ್ಲ. ನಾನು ಹೇಳಹೊರಟಿರುವುದು ಆತನ ಮಗನ ಕಥೆ. ತಂದೆಯ ಹೆಸರಿನ ಗದ್ದಲದಲ್ಲಿ ಮಗನ ಹೆಸರು ನಮ್ಮ ಕಡೆ ಅಷ್ಟಾಗಿ ಕೇಳಿಬಂದಿಲ್ಲ. ಆದರೆ ಜಗತ್ತಿನ ಹವ್ಯಾಸಿ ಬಾನುಲಿಗರ ಬಳಗದಲ್ಲಿ ಆ ಹೆಸರಿಗೆ ಇಂದಿಗೂ ಹಿರಿಯಜ್ಜನ ಮರ್ಯಾದೆ ಸಲ್ಲುತ್ತದೆ.

ನನಗೆ ಈತನ ಪರಿಚಯವಾದದ್ದು ಗ್ರಂಥಾಲಯದಲ್ಲಲ್ಲ. 2019ರ ಆಗಸ್ಟಿನಲ್ಲಿ ಘಟ್ಟದ ಸೀಮೆಯಲ್ಲಿ ಮಳೆ ಹುಚ್ಚೆದ್ದು ಸುರಿಯಿತು. ಗುಡ್ಡ ಜರಿದು ದಾರಿ ಮುಚ್ಚಿತು, ಕಂಬಗಳು ಉರುಳಿ ವಿದ್ಯುತ್ತು ಹೋಯಿತು, ಮೊಬೈಲ್ ಗೋಪುರಗಳು ಒಂದೊಂದಾಗಿ ಮೂಕವಾದವು. ನನ್ನ ತಂಗಿಯ ಮನೆ ಅಂಥ ಒಂದು ಊರಿನಲ್ಲಿತ್ತು. ಎರಡು ದಿನ ಸುದ್ದಿಯೇ ಇಲ್ಲ. ಮೂರನೆಯ ದಿನ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೆನೆದುಕೊಂಡೇ ಬಾಗಿಲಿಗೆ ಬಂದು, ತಂಗಿಯೂ ಮಕ್ಕಳೂ ಊರ ಶಾಲೆಯ ಕಟ್ಟಡದಲ್ಲಿ ಕ್ಷೇಮವಾಗಿದ್ದಾರೆಂದು ತಿಳಿಸಿದನು. ಆತ ಹವ್ಯಾಸಿ ಬಾನುಲಿಗ. ಅಲ್ಲಿಗೆ ಹೋಗಿ ತಲುಪಿದ್ದ ಆತನ ಗೆಳೆಯನ ಕೈಯಲ್ಲಿದ್ದುದು ಐದು ವ್ಯಾಟ್ ಶಕ್ತಿಯ ಒಂದು ಸಣ್ಣ ಸಾಧನ. ಅದರ ದನಿ ಬೆಟ್ಟ ಕಣಿವೆಗಳನ್ನು ದಾಟಿ ನಮ್ಮೂರಿಗೆ ಬರುವಂತಿರಲಿಲ್ಲ. ನಡುವಣ ಶಿಖರವೊಂದರ ಮೇಲೆ ಕುಳಿತ ಯಂತ್ರ ಆ ದನಿಯನ್ನು ಹಿಡಿದು ಇತ್ತ ದಾಟಿಸಿತ್ತು.

ಮಳೆ ನಿಂತ ಮೇಲೆ ಆ ಯಂತ್ರವನ್ನು ಕಣ್ಣಾರೆ ನೋಡಲೇಬೇಕೆಂದು ಹಟ ಹಿಡಿದು, ಮಂಡಿನೋವನ್ನು ಲೆಕ್ಕಿಸದೆ, ಆತನೊಡನೆ ಬೆಟ್ಟ ಹತ್ತಿದೆನು. ಸಿಮೆಂಟಿನ ಒಂದು ಗೂಡು, ಅದರೊಳಗೆ ಕಬ್ಬಿಣದ ಪೆಟ್ಟಿಗೆ, ಲಾರಿಯಲ್ಲಿರುವಂಥ ಬ್ಯಾಟರಿ, ಹೊರಗೆ ನೆಟ್ಟ ಒಂದು ಕಂಬ. ಇಷ್ಟೇ. ನನ್ನ ಮುಖದಲ್ಲಿ ನಿರಾಶೆಯನ್ನು ಕಂಡು ಆ ಹುಡುಗ (ನನಗೆ ಆತ ಇನ್ನೂ ಹುಡುಗನೇ) ಇಂಥ ಪೆಟ್ಟಿಗೆಗಳು ಹುಟ್ಟುವ ಮೊದಲು ಈ ಕೆಲಸವನ್ನು ಮನುಷ್ಯರೇ ಮಾಡುತ್ತಿದ್ದರೆಂದೂ, ಅವರನ್ನು ಊರಿಂದೂರಿಗೆ ಸಾಲುಗೂಡಿಸಿದವನು ಮ್ಯಾಕ್ಸಿಮನ ಮಗನೆಂದೂ ಹೇಳಿದನು. ಅಂದಿನಿಂದ ಆತನ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ.

ಹೈರಮ್ ಪರ್ಸಿ ಮ್ಯಾಕ್ಸಿಮ್ ಹುಟ್ಟಿದ್ದು 1869ರ ಸೆಪ್ಟೆಂಬರ್ 2ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆ ಅಸಾಧ್ಯ ಬುದ್ಧಿಯ, ಅಸಾಧ್ಯ ಚೇಷ್ಟೆಯ ಮನುಷ್ಯ. ಮನೆಯೇ ಪ್ರಯೋಗಶಾಲೆ, ಮಕ್ಕಳೇ ಪ್ರಯೋಗದ ವಸ್ತುಗಳು. 1881ರಲ್ಲಿ ತಂದೆ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನಕ್ಕೆಂದು ಹಡಗು ಹತ್ತಿದನು. ಆಮೇಲೆ ಹೆಂಡತಿ ಮಕ್ಕಳೊಡನೆ ಸಂಸಾರ ಮಾಡಲು ಹಿಂದಿರುಗಲೇ ಇಲ್ಲ. ಆಗ ಹುಡುಗನಿಗೆ ಹನ್ನೆರಡರ ವಯಸ್ಸು. ತಂದೆ ಇಂಗ್ಲೆಂಡಿನಲ್ಲಿ ಹೆಸರು, ಹಣ, ಕೊನೆಗೆ ಸರ್ ಪದವಿಯನ್ನೂ ಗಳಿಸಿದನು. ಮಗ ತಾಯಿಯ ನೆರಳಿನಲ್ಲಿ ಬೆಳೆದು, ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದಿಂದ 1886ರಲ್ಲಿ, ಇನ್ನೂ ಹದಿನೇಳು ತುಂಬುವ ಮೊದಲೇ, ತೇರ್ಗಡೆಯಾಗಿ ಹೊರಬಂದನು.

ಇಂಥ ತಂದೆಯ ಮೇಲೆ ಮಗನಿಗೆ ಕಹಿ ಇರಬೇಕಾಗಿತ್ತು ಎಂದು ನಮಗೆ ತೋರುತ್ತದೆ. ಆದರೆ ಮುಪ್ಪಿನಲ್ಲಿ ಆತ ತಂದೆಯ ಬಗೆಗೆ ಬರೆದ ಪುಸ್ತಕದಲ್ಲಿ ಕಹಿಯ ಲವಲೇಶವೂ ಇಲ್ಲ. ಇರುವುದು ನಗೆ, ಬೆರಗು, ಮತ್ತು ಆ ನಗೆಯ ಅಡಿಯಲ್ಲಿ ಎಲ್ಲಿಯೂ ಬಾಯಿ ಬಿಡದ ಒಂದು ಕೊರತೆ. ದೂರದಲ್ಲಿರುವವರಿಗೆ ಮಾತು ಮುಟ್ಟಿಸಬೇಕೆಂಬ ಹಂಬಲ ಈತನಲ್ಲಿ ಅಷ್ಟು ಬಲವಾಗಿ ಬೇರೂರಿದ್ದಕ್ಕೆ ಆ ಕೊರತೆಯೂ ಒಂದು ಕಾರಣವೇ? ಇದು ನನ್ನ ಊಹೆ ಮಾತ್ರ. ಪ್ರಮಾಣವೆಂದು ಯಾರೂ ತಿಳಿಯಬಾರದು.

ಯೌವನದಲ್ಲಿ ಆತನ ಮನಸ್ಸು ಕುದುರೆಯಿಲ್ಲದ ಗಾಡಿಯ ಮೇಲೆ ಹೋಯಿತು. ಗುಂಡಿನ ಖಾಲಿ ಚಿಪ್ಪೊಂದರಲ್ಲಿ ಪೆಟ್ರೋಲಿನ ಕೆಲವು ಹನಿ ಹಾಕಿ, ಬೆಂಕಿಕಡ್ಡಿ ತೋರಿಸಿ, ಆ ಹನಿಗಳಲ್ಲಿ ಅಡಗಿದ ಬಲವನ್ನು ಕಂಡು ಹೆದರಿ ಹಿಗ್ಗಿದವನು ಆತ. 1895ರಲ್ಲಿ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದ ಪೋಪ್ ಕಾರ್ಖಾನೆಯನ್ನು ಸೇರಿ ಮೋಟಾರುಗಳನ್ನು ರೂಪಿಸಿದನು. 1898ರಲ್ಲಿ ಮೇರಿಲೆಂಡಿನ ಮಾಜಿ ಗವರ್ನರೊಬ್ಬನ ಮಗಳಾದ ಜೋಸೆಫೀನ್ ಹ್ಯಾಮಿಲ್ಟನ್ನಳನ್ನು ಮದುವೆಯಾದನು. ಆ ದಿನಗಳ ಮೋಟಾರಿನ ಕಥೆ ಸ್ವಾರಸ್ಯವಾದದ್ದೇ, ಆದರೆ ಅದು ಬೇರೊಂದು ಲೇಖನದ ಸಾಮಗ್ರಿ.

ಇಲ್ಲಿ ಹೇಳಲೇಬೇಕಾದದ್ದು ಇನ್ನೊಂದು ಸಂಗತಿ. ತಂದೆ ತನ್ನದೇ ಬಂದೂಕುಗಳ ಸದ್ದನ್ನು ವರ್ಷಗಟ್ಟಲೆ ಕೇಳಿ ಕೇಳಿ ಕಿವುಡನಾದನು. ಮಗ 1909ರಲ್ಲಿ ಹಕ್ಕು ಪಡೆದುಕೊಂಡದ್ದು ಬಂದೂಕಿನ ಸದ್ದನ್ನು ಅಡಗಿಸುವ ನಳಿಗೆಗೆ! ಸ್ನಾನದ ತೊಟ್ಟಿಯ ನೀರು ತೂತಿನಲ್ಲಿ ಸುಳಿಸುಳಿಯಾಗಿ ಇಳಿಯುವುದನ್ನು ನೋಡುತ್ತಿದ್ದಾಗ ಇದು ಹೊಳೆಯಿತೆಂದು ಹೇಳುತ್ತಾರೆ. ಗುಂಡಿನ ಹಿಂದೆ ನುಗ್ಗಿಬರುವ ಅನಿಲವನ್ನು ಸುಳಿಯಲ್ಲಿ ಸುತ್ತಿಸಿ ನಿಧಾನವಾಗಿ ಹೊರಬಿಟ್ಟರೆ ಸಿಡಿಲಿನಂಥ ಸದ್ದು ನಿಟ್ಟುಸಿರಾಗುತ್ತದೆ. ಈ ಉಪಕರಣ ಕೊಲೆಗಡುಕರ ಕೈ ಸೇರೀತೆಂಬ ಭಯವೂ ಜೊತೆಯಲ್ಲೇ ಹುಟ್ಟಿತು. 1934ರಲ್ಲಿ ಅಮೆರಿಕದ ಸರ್ಕಾರ ಅದರ ಮೇಲೆ ಕಟ್ಟುನಿಟ್ಟಾದ ಕಾನೂನು ಹೇರಿತು. ಮ್ಯಾಕ್ಸಿಮನ ಕಂಪನಿ ಕೊನೆಗೆ ಇಂಜಿನುಗಳ, ಕಾರ್ಖಾನೆಗಳ ಸದ್ದನ್ನು ತಗ್ಗಿಸುವ ಸಾಧನಗಳನ್ನು ಮಾಡಿಯೇ ಬಾಳಿತು. ಗದ್ದಲವನ್ನು ಕಂಡರೆ ಆತನಿಗೆ ಆಗುತ್ತಿರಲಿಲ್ಲ. ಸಣ್ಣ ದನಿ ಕೇಳಬೇಕಾದರೆ ದೊಡ್ಡ ಸದ್ದು ಅಡಗಬೇಕಲ್ಲವೆ?

ಸುಮಾರು 1910ರಲ್ಲಿ ಮಗ ಹೈರಮ್ ಹ್ಯಾಮಿಲ್ಟನ್‌ನಿಗೆ ಹತ್ತಿದ ನಿಸ್ತಂತುವಿನ ಗೀಳು ತಂದೆಗೂ ಅಂಟಿತು. ಆ ಕಾಲದ ಪ್ರೇಷಕಗಳು ಕಿಡಿ ಹಾರಿಸುವಂಥವು. ಎರಡು ಲೋಹದ ತುದಿಗಳ ನಡುವೆ ಚಟಚಟನೆ ಕಿಡಿ ಜಿಗಿಯುತ್ತಿತ್ತು. ಮಾರ್ಸನ ಚುಕ್ಕಿಗೆರೆಗಳ ಸಂಕೇತ ಅಲೆಯಾಗಿ ಹೊರಡುತ್ತಿತ್ತು. ಆದರೆ ಆ ಶಕ್ತಿಯೆಲ್ಲ ಅಗಲವಾಗಿ ಚೆಲ್ಲಿಹೋಗುತ್ತಿತ್ತು, ಕೇಳುವ ಉಪಕರಣಗಳೂ ಮಂದವಾಗಿದ್ದವು. ಮೇಲಾಗಿ ಟೈಟಾನಿಕ್ ಹಡಗು ಮುಳುಗಿದ 1912ರಲ್ಲಿಯೇ ಆದ ಕಾನೂನು ಹವ್ಯಾಸಿಗಳನ್ನು ಇನ್ನೂರು ಮೀಟರಿಗೂ ಕಡಿಮೆಯ ಅಲೆಗಳಿಗೆ ನೂಕಿತ್ತು. ಅವು ಕೆಲಸಕ್ಕೆ ಬಾರದ ಅಲೆಗಳೆಂದು ಅಂದಿನ ಪಂಡಿತರ ತೀರ್ಮಾನ.

1914ರ ಏಪ್ರಿಲ್ ತಿಂಗಳ ಒಂದು ರಾತ್ರಿ ಮ್ಯಾಕ್ಸಿಮ್ ತನ್ನ ಹಾರ್ಟ್‌ಫರ್ಡಿನ ಮನೆಯಿಂದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಹವ್ಯಾಸಿಯೊಬ್ಬನಿಗೆ ಸುದ್ದಿ ಕಳುಹಿಸಲು ಕುಳಿತನು. ದೂರ ಮೂವತ್ತು ಮೈಲಿಯಷ್ಟೆ. ಆತನದು ಒಂದು ಕಿಲೋವ್ಯಾಟಿನ, ಆ ಸುತ್ತಿನಲ್ಲಿಯೇ ಒಳ್ಳೆಯದೆನಿಸಿದ ಕೇಂದ್ರ. ಕರೆದನು, ಮತ್ತೆ ಕರೆದನು, ಉತ್ತರವಿಲ್ಲ. ಆಗ, ಎರಡೂ ಊರುಗಳ ನಡುದಾರಿಯಲ್ಲಿರುವ ವಿಂಡ್ಸರ್ ಲಾಕ್ಸ್ ಎಂಬಲ್ಲಿ ತನಗೆ ಗೊತ್ತಿರುವ ಒಬ್ಬ ಹವ್ಯಾಸಿ ಇದ್ದಾನೆಂಬುದು ನೆನಪಾಯಿತು. ಅವನನ್ನು ಕರೆದು ಸುದ್ದಿ ಒಪ್ಪಿಸಿದನು. ಅವನು ಅದನ್ನು ಸ್ಪ್ರಿಂಗ್‌ಫೀಲ್ಡಿಗೆ ದಾಟಿಸಿದನು.

ಆದದ್ದು ಇಷ್ಟೇ. ನಮ್ಮ ಹಳ್ಳಿಗಳಲ್ಲಿ ಹೊಲದಿಂದ ಹೊಲಕ್ಕೆ ಕೂಗು ಹಾಯಿಸುವುದು ಹೊಸದಲ್ಲ, ಅಂಚೆಯ ಓಟಗಾರ ಮುಂದಿನ ಓಟಗಾರನಿಗೆ ಚೀಲ ಕೊಡುವುದೂ ಹೊಸದಲ್ಲ. ಆದರೆ ಇಂಥ ಸಣ್ಣ ಉಪಕಾರವನ್ನು ಪಡೆದು ಸಾವಿರ ಜನ ಮರೆತಾರು. ಮ್ಯಾಕ್ಸಿಮ್ ಮರೆಯಲಿಲ್ಲ. ನಡುವೆ ಒಬ್ಬನಿದ್ದರೆ ಮೂವತ್ತು ಮೈಲಿ. ಹತ್ತು ಮಂದಿ ಇದ್ದರೆ ಎಷ್ಟು? ದೇಶದ ಉದ್ದಕ್ಕೂ ಇದ್ದರೆ? ಅದೇ ತಿಂಗಳು ಹಾರ್ಟ್‌ಫರ್ಡಿನ ರೇಡಿಯೊ ಕ್ಲಬ್ಬಿನ ಸಭೆಯಲ್ಲಿ ಆತ ಈ ಸಲಹೆಯನ್ನು ಮುಂದಿಟ್ಟನು. ನಲವತ್ತನಾಲ್ಕು ವಯಸ್ಸಿನ ಈ ಗೃಹಸ್ಥನಿಗೆ ಹೆಗಲು ಕೊಟ್ಟವನು ಕ್ಲಾರೆನ್ಸ್ ಟಸ್ಕ ಎಂಬ ಹದಿಹರೆಯದ ಹುಡುಗ. ಮೇ ತಿಂಗಳಲ್ಲಿ ಅಮೆರಿಕನ್ ರೇಡಿಯೊ ರಿಲೇ ಲೀಗ್ ಹುಟ್ಟಿತು. ಗೊತ್ತಿದ್ದ ವಿಳಾಸಗಳಿಗೆಲ್ಲ ಅರ್ಜಿಗಳು ಹೋದವು. ಸೆಪ್ಟೆಂಬರಿನ ಹೊತ್ತಿಗೆ 237 ಕೇಂದ್ರಗಳು ದನಿ ದಾಟಿಸಲು ಸಿದ್ಧವಾಗಿ ನಿಂತಿದ್ದವು. ಮರುವರ್ಷದ ಡಿಸೆಂಬರಿನಲ್ಲಿ ಇಬ್ಬರೂ ಕೈಯಿಂದ ಹಣ ಹಾಕಿ ಕ್ಯೂಎಸ್‌ಟಿ ಎಂಬ ಪತ್ರಿಕೆಯನ್ನು ಹೊರತಂದರು. 1917ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ಹೊರಟ ಸುದ್ದಿಯೊಂದು ಕೈಯಿಂದ ಕೈಗೆ ದಾಟುತ್ತ ಲಾಸ್ ಏಂಜಲೀಸ್ ಮುಟ್ಟಿ, ಅದಕ್ಕೆ ಉತ್ತರವೂ ಬಂದು ಸೇರಲು ಹಿಡಿದ ಕಾಲ ಒಂದು ಗಂಟೆ ಇಪ್ಪತ್ತು ನಿಮಿಷ. ಆ ರಾತ್ರಿ ನಿದ್ದೆಗೆಟ್ಟು ಕಿವಿಗೆ ಕೇಳುಬಟ್ಟಲು ಒತ್ತಿ ಕುಳಿತವರಿಗೆ ಸಂಬಳ ಕೊಟ್ಟವರು ಯಾರೂ ಇಲ್ಲ.

ಈಗ ಬೆಟ್ಟದ ಮೇಲಿನ ಪೆಟ್ಟಿಗೆಗೆ ಬರೋಣ. ಹವ್ಯಾಸಿಗಳು ಅದನ್ನು ರಿಪೀಟರ್ ಎನ್ನುತ್ತಾರೆ. ವಿಂಡ್ಸರ್ ಲಾಕ್ಸಿನ ಗೆಳೆಯ ಮಾಡಿದ ಕೆಲಸವನ್ನೇ ಇದು ಮಾಡುತ್ತದೆ, ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಅವನು ಮೊದಲು ಕೇಳಿ, ಬರೆದುಕೊಂಡು, ಆಮೇಲೆ ಹೇಳಿದನು. ಯಂತ್ರಕ್ಕೆ ನೆನಪಿಲ್ಲ, ಕಾಗದವಿಲ್ಲ. ಅದು ಕೇಳುತ್ತಿರುವಾಗಲೇ ಹೇಳಬೇಕು. ಹವ್ಯಾಸಿಗಳ ಕೈಸಾಧನಗಳು ಬಳಸುವುದು ಸುಮಾರು ಎರಡು ಮೀಟರ್ ಉದ್ದದ, 144ರಿಂದ 146 ಮೆಗಾಹರ್ಟ್ಸ್ ಆವೃತ್ತಿಯ ಅಲೆಗಳನ್ನು. ಇವು ಬೆಳಕಿನ ಹಾಗೆ ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಗುಡ್ಡ ಅಡ್ಡ ಬಂದರೆ ಮುಗಿಯಿತು. ಆದ್ದರಿಂದ ಎರಡೂ ಕಡೆಗೆ ಕಾಣುವ ಶಿಖರದ ಮೇಲೆ ಯಂತ್ರವನ್ನು ಕೂರಿಸುತ್ತಾರೆ. ಅದು ಒಂದು ಆವೃತ್ತಿಯಲ್ಲಿ ಕೇಳಿ, ಅದೇ ಗಳಿಗೆಯಲ್ಲಿ ಇನ್ನೊಂದು ಆವೃತ್ತಿಯಲ್ಲಿ ಹೇಳುತ್ತದೆ. ಎರಡಕ್ಕೂ ನಡುವೆ 600 ಕಿಲೋಹರ್ಟ್ಸ್ ಅಂತರ ಬಿಡುವುದು ರೂಢಿ. ಒಂದೇ ಆವೃತ್ತಿಯಾದರೆ ಯಂತ್ರ ತನ್ನ ಮಾತನ್ನೇ ಕೇಳಿಸಿಕೊಂಡು ಅದನ್ನೇ ಮತ್ತೆ ಮತ್ತೆ ಒದರುತ್ತ ಕುಳಿತೀತು.

ಅಂತರ ಬಿಟ್ಟ ಮಾತ್ರಕ್ಕೆ ತೊಡಕು ತೀರುವುದಿಲ್ಲ. ಕಣಿವೆಯಿಂದ ಬರುವ ಕ್ಷೀಣ ದನಿ ಯಂತ್ರದ ಕಂಬವನ್ನು ಮುಟ್ಟುವಾಗ ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ ಇರಬಹುದು. ಯಂತ್ರ ಇಪ್ಪತ್ತೈದು ವ್ಯಾಟಿನಲ್ಲಿ ಕೂಗುವಾಗ ಅದೇ ಕಂಬದಲ್ಲಿರುವುದು ಮೂವತ್ತೈದು ವೋಲ್ಟ್. ಒಂದಕ್ಕಿಂತ ಇನ್ನೊಂದು ಹತ್ತು ಕೋಟಿ ಪಟ್ಟು ದೊಡ್ಡದು! ತನ್ನ ಕೂಗಿಗೆ ತಾನೇ ಕಿವುಡಾಗುವುದೇ ಇಂಥ ಯಂತ್ರದ ದೊಡ್ಡ ರೋಗ. ವಿದ್ಯಾರ್ಥಿ ಇದನ್ನು ವಿವರಿಸುತ್ತಿದ್ದಾಗ ನನಗೆ ಹಿರಿಯ ಮ್ಯಾಕ್ಸಿಮನ ಕಿವಿಗಳು ನೆನಪಾದದ್ದು ಆಶ್ಚರ್ಯವಲ್ಲ.

ಇದಕ್ಕೆ ಮದ್ದು, ಗೂಡಿನ ಮೂಲೆಯಲ್ಲಿ ಸಾಲಾಗಿ ನಿಂತಿದ್ದ ಲೋಹದ ಕೊಳವೆಗಳು. ಬರಿಯ ಕೊಡದ ಬಾಯಿಗೆ ಬಾಯಿಟ್ಟು ರಾಗ ಎಳೆದರೆ ಯಾವುದೋ ಒಂದು ಸ್ವರಕ್ಕೆ ಮಾತ್ರ ಕೊಡ ಗುಂಯ್‌ಗುಡುವುದನ್ನು ಮಕ್ಕಳೆಲ್ಲ ಬಲ್ಲರು. ಹಾಗೆಯೇ ಈ ಕೊಳವೆಗಳೂ ಒಂದೊಂದು ಆವೃತ್ತಿಗೆ ಮಾತ್ರ ಒಲಿಯುತ್ತವೆ. ಒಳಗಿನ ಸರಳನ್ನು ಕೂದಲೆಳೆಯಷ್ಟು ಸರಿಸಿ ಶ್ರುತಿ ಮಾಡಬೇಕು. ಕೆಲವು ಕೊಳವೆಗಳು ಬರುವ ದನಿಗೆ ದಾರಿ ಬಿಟ್ಟು ಹೋಗುವ ದನಿಯನ್ನು ತಡೆಯುತ್ತವೆ. ಉಳಿದವು ಅದಕ್ಕೆ ವಿರುದ್ಧವಾಗಿ ವರ್ತಿಸುತ್ತವೆ. ಹೀಗೆ ಬಾಯಿಯೂ ಕಿವಿಯೂ ಒಂದೇ ಕಂಬವನ್ನು ಹಂಚಿಕೊಂಡು ಜಗಳವಿಲ್ಲದೆ ಬಾಳುತ್ತವೆ.

ಇನ್ನು ಸಣ್ಣ ಸಂಗತಿಗಳು. ಯಾರೂ ಮಾತನಾಡದಿದ್ದಾಗ ಆಕಾಶದ ಗರಗರವನ್ನು ಪ್ರಸಾರ ಮಾಡದಂತೆ ಬಾಗಿಲು ಹಾಕಿಕೊಂಡಿರುವ ಒಂದು ಏರ್ಪಾಡಿದೆ. ಮಾತಿನ ಅಡಿಯಲ್ಲಿ ಕೇಳಿಯೂ ಕೇಳಿಸದಂಥ ಮಂದ್ರಸ್ವರವೊಂದನ್ನು ಗುರುತಿನ ಚೀಟಿಯ ಹಾಗೆ ಬೆರೆಸಿ ಕಳುಹಿಸಿದವರಿಗೆ ಮಾತ್ರ ಆ ಬಾಗಿಲು ತೆರೆಯುವಂತೆಯೂ ಮಾಡಬಹುದು. ಒಬ್ಬನೇ ನಿಲ್ಲಿಸದೆ ಮಾತನಾಡಿದರೆ ಕೆಲವು ನಿಮಿಷಗಳ ಮೇಲೆ ಯಂತ್ರ ತಾನೇ ಬಾಯಿ ಮುಚ್ಚುತ್ತದೆ. ನಮ್ಮ ಸಭೆಗಳಿಗೂ ಇಂಥದೊಂದು ದೊರೆತರೆ ಚೆನ್ನಾಗಿತ್ತು ಎನಿಸಿತು.

ಮ್ಯಾಕ್ಸಿಮನಿಗೆ ಇವೊಂದೂ ಗೊತ್ತಿರಲಿಲ್ಲ. ಆತನ ಕಷ್ಟ ಬೇರೆ. 1917ರ ಏಪ್ರಿಲಿನಲ್ಲಿ ಅಮೆರಿಕ ಯುದ್ಧಕ್ಕೆ ಇಳಿಯಿತು. ಹವ್ಯಾಸಿ ಕೇಂದ್ರಗಳನ್ನೆಲ್ಲ ಮುಚ್ಚಿ ಕಂಬಗಳನ್ನು ಇಳಿಸಬೇಕೆಂದು ಅಪ್ಪಣೆಯಾಯಿತು. ಕೇಳುವುದೂ ಅಪರಾಧ. ಕಂಬ ಇಳಿಸಿದ ಹುಡುಗರೇ ಸಾವಿರಾರು ಸಂಖ್ಯೆಯಲ್ಲಿ ಸೈನ್ಯದ, ನೌಕಾಬಲದ ನಿಸ್ತಂತು ಕೆಲಸಕ್ಕೆ ಸೇರಿದರು. ಪತ್ರಿಕೆ ಆ ವರ್ಷದ ಸೆಪ್ಟೆಂಬರಿಗೆ ನಿಂತಿತು. ಲೀಗ್ ಹೆಸರಿಗಷ್ಟೆ ಉಳಿಯಿತು.

ಯುದ್ಧ 1918ರ ನವೆಂಬರಿನಲ್ಲಿ ಮುಗಿಯಿತು, ಆದರೆ ನಿರ್ಬಂಧ ಮುಗಿಯಲಿಲ್ಲ. ಅಲೆಗಳ ಒಡೆತನವನ್ನೆಲ್ಲ ನೌಕಾ ಇಲಾಖೆಗೆ ಒಪ್ಪಿಸುವ ಮಸೂದೆ ಕಾಂಗ್ರೆಸ್ಸಿನ ಮುಂದೆ ಬಂದಿತು. ಅದು ಅಂಗೀಕಾರವಾಗಿದ್ದರೆ ಹವ್ಯಾಸಿ ಎಂಬ ಜಾತಿಯೇ ಅಳಿಯುತ್ತಿತ್ತು. ನನ್ನ ದೃಷ್ಟಿಯಲ್ಲಿ ಮ್ಯಾಕ್ಸಿಮನ ಬಾಳಿನ ಉತ್ತುಂಗವೆಂದರೆ ಈ ತಿಂಗಳುಗಳು. ಆತ ಮಹಾ ವಿಜ್ಞಾನಿಯಲ್ಲ. ನಿಸ್ತಂತುವಿನಲ್ಲಿ ಆತನ ಹೆಸರಿನ ಸೂತ್ರವಾಗಲಿ ನಿಯಮವಾಗಲಿ ಇಲ್ಲ. ಆತನಲ್ಲಿದ್ದುದು ಚದುರಿದವರನ್ನು ಕೂಡಿಸುವ ಶಕ್ತಿ. ಊರೂರಿಗೆ ಪತ್ರಗಳು ಹೋದವು. ಸದಸ್ಯರೂ ಅವರ ತಂದೆತಾಯಿಗಳೂ ತಮ್ಮ ಪ್ರತಿನಿಧಿಗಳಿಗೆ ಬರೆದರು. ಮಸೂದೆ ಬಿದ್ದುಹೋಯಿತು. ಬರಿದಾಗಿದ್ದ ಬೊಕ್ಕಸಕ್ಕೆ ಹಳೆಯ ಸದಸ್ಯರಿಂದಲೇ ಸಾಲಪತ್ರಗಳ ಮೂಲಕ ಹಣ ಎತ್ತಿ, ಪತ್ರಿಕೆಯನ್ನು ಟಸ್ಕನಿಂದ ಕೊಂಡು, ಲೀಗಿಗೆ ಮರುಜೀವ ಕೊಟ್ಟರು. 1919ರ ಶರತ್ಕಾಲದಲ್ಲಿ ಕಿಡಿಗಳು ಮತ್ತೆ ಹಾರಿದವು.

ಆಮೇಲೆ ಆ ಕೆಲಸಕ್ಕೆ ಬಾರದ ಅಲೆಗಳು ಸಾಗರವನ್ನೇ ದಾಟಿದವು. 1921ರ ಡಿಸೆಂಬರಿನಲ್ಲಿ ಲೀಗ್ ಕಳುಹಿಸಿದ ಪಾಲ್ ಗಾಡ್ಲಿ ಎಂಬಾತ ಸ್ಕಾಟ್ಲೆಂಡಿನ ಆರ್ಡ್ರೋಸನ್ ಕಡಲತೀರದಲ್ಲಿ ಡೇರೆ ಹಾಕಿ, ಚಳಿಮಳೆಯಲ್ಲಿ ನಡುಗುತ್ತ, ಅಮೆರಿಕದ ಹವ್ಯಾಸಿಗಳ ಸಂಕೇತಗಳನ್ನು ಸ್ಪಷ್ಟವಾಗಿ ಕೇಳಿದನು. ಅವುಗಳಲ್ಲಿ ಮುಖ್ಯವಾದದ್ದು ಕನೆಕ್ಟಿಕಟ್‌ನ ಗ್ರೀನಿಚ್‌ನಿಂದ ಬಂದದ್ದು. ಆ ಕೇಂದ್ರವನ್ನು ಕಟ್ಟಿದ ಆರು ಮಂದಿಯಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಒಬ್ಬ. ಈತನೇ ಮುಂದೆ 1933ರಲ್ಲಿ ಎಫ್.ಎಂ. ವಿಧಾನಕ್ಕೆ ಹಕ್ಕು ಪಡೆದವನು. ಅಲೆಯ ಎತ್ತರದಲ್ಲಿ ಮಾತನ್ನು ಅಡಗಿಸದೆ ಆವೃತ್ತಿಯ ಏರಿಳಿತದಲ್ಲಿ ಅಡಗಿಸುವುದೇ ಆ ವಿಧಾನ. ಮಿಂಚು ಗುಡುಗುಗಳ ಗೊರಗೊರ ಅಲೆಯ ಎತ್ತರವನ್ನು ಕೆಡಿಸುತ್ತದೆ. ಎತ್ತರವನ್ನೇ ಕತ್ತರಿಸಿ ಬಿಸಾಡಿದರೆ ಮಾತು ಶುಭ್ರವಾಗಿ ಉಳಿಯುತ್ತದೆ. ಅಂದಿನ ಆ ಮಳೆಯಲ್ಲಿ ನನ್ನ ತಂಗಿಯ ಕ್ಷೇಮವಾರ್ತೆ ಬಂದದ್ದು ಈ ವಿಧಾನದಿಂದಲೇ. 1923ರ ನವೆಂಬರಿನಲ್ಲಿ ಫ್ರಾನ್ಸಿನ ನೀಸ್ ನಗರದ ಲಿಯಾನ್ ಡಿಲಾಯ್ ಮತ್ತು ಹಾರ್ಟ್‌ಫರ್ಡಿನ ಬಳಿಯ ಫ್ರೆಡ್ ಷ್ನೆಲ್ ಸಾಗರದ ಎರಡೂ ಕಡೆಯಿಂದ ಸುಮಾರು ನೂರು ಮೀಟರಿನ ಅಲೆಗಳಲ್ಲಿ ಮಾತು ವಿನಿಮಯ ಮಾಡಿದರು. 1925ರಲ್ಲಿ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ಹವ್ಯಾಸಿ ಸಂಘ ಸ್ಥಾಪಿತವಾಯಿತು. ಮ್ಯಾಕ್ಸಿಮನೇ ಅದರ ಮೊದಲ ಅಧ್ಯಕ್ಷ. ನಾಲ್ವತ್ತನಾಲ್ಕು ವರ್ಷ ಹಿಂದೆ ತಂದೆ ಹೊರಟುಹೋಗಿದ್ದುದೂ ಅದೇ ಊರಿಗೆ.

ಆತನ ಇನ್ನೊಂದು ಮುಖವನ್ನು ಬಿಟ್ಟರೆ ಚಿತ್ರ ಅಪೂರ್ಣವಾದೀತು. ಲೀಗಿನ ಪತ್ರಿಕೆಯಲ್ಲಿ ಮುದುಕನೆಂಬ ಹೆಸರಿನಲ್ಲಿ ಒಬ್ಬ ಸಿಡುಕು ಸ್ವಭಾವದವನು ಬರೆಯುತ್ತಿದ್ದನು. ಅಲೆಗಳ ಮೇಲೆ ಶಿಸ್ತಿಲ್ಲದೆ ಅರಚುವವರನ್ನು, ಇನ್ನೊಬ್ಬರ ಮಾತಿನ ಮೇಲೆ ಮಾತು ಹಾಯಿಸುವವರನ್ನು ಆತ ನಗಿಸುತ್ತಲೇ ಬೈಯುತ್ತಿದ್ದನು; ಅಂಥವರನ್ನು ದಂಡಿಸಲೆಂದು ಒಂದು ಭಯಂಕರ ಆಯುಧವನ್ನೂ ಕಲ್ಪಿಸಿದ್ದನು. ಸಾವಿರಾರು ಓದುಗರು ಈ ಮುದುಕ ಯಾರಿರಬಹುದೆಂದು ತಲೆ ಕೆಡಿಸಿಕೊಂಡರು. ಗಂಭೀರ ಮುಖದ ಅಧ್ಯಕ್ಷನೇ ಆ ಮುದುಕನೆಂಬುದು ಬಹಿರಂಗವಾದದ್ದು ಆತನ ಮರಣದ ನಂತರ.

ಆ ಮರಣ ಅನಿರೀಕ್ಷಿತವಾಗಿ ಬಂದಿತು. ಹೆಂಡತಿಯೊಡನೆ ರೈಲಿನಲ್ಲಿ ಪಶ್ಚಿಮಕ್ಕೆ ಹೊರಟಿದ್ದಾಗ ಗಂಟಲಿನ ಸೋಂಕು ಉಲ್ಬಣಿಸಿತು. ಕೊಲೊರಾಡೊದ ಲಾ ಹಂಟ ಎಂಬ ಊರಿನಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿದರು. 1936ರ ಫೆಬ್ರವರಿ 17ರಂದು, ಅರವತ್ತಾರನೆಯ ವಯಸ್ಸಿನಲ್ಲಿ, ಅಲ್ಲಿಯೇ ಪ್ರಾಣ ಹೋಯಿತು. ಜೋಸೆಫೀನಳೂ ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಅದಕ್ಕೆ ಐದು ತಿಂಗಳ ಹಿಂದೆ, 1935ರ ಸೆಪ್ಟೆಂಬರಿನಲ್ಲಿ, ನಮ್ಮ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಮೂವತ್ತು ವ್ಯಾಟಿನ ಪುಟ್ಟ ಪ್ರೇಷಕದಲ್ಲಿ ಬಾನುಲಿಯನ್ನು ಆರಂಭಿಸಿದ್ದರು. ಇಬ್ಬರಿಗೂ ಪರಸ್ಪರ ಪರಿಚಯವಿತ್ತೆಂದು ಹೇಳಲು ಯಾವ ಆಧಾರವೂ ಇಲ್ಲ. ಮನೆಯ ಕೋಣೆಯಿಂದ ಲೋಕಕ್ಕೆ ದನಿ ಕಳುಹಿಸುವ ಹುಚ್ಚು ಮಾತ್ರ ಒಂದೇ ಕುಲದ್ದು.

ಮ್ಯಾಕ್ಸಿಮ್ ತೀರಿಕೊಂಡ ಮರುತಿಂಗಳು ಕನೆಕ್ಟಿಕಟ್ ನದಿಗೆ ಮಹಾಪೂರ ಬಂದು ಹಾರ್ಟ್‌ಫರ್ಡಿನಲ್ಲಿದ್ದ ಲೀಗಿನ ಕೇಂದ್ರವೇ ನೀರುಪಾಲಾಯಿತು. 1938ರಲ್ಲಿ ನ್ಯೂವಿಂಗ್ಟನ್‌ನಲ್ಲಿ ಹೊಸ ಕೇಂದ್ರ ಕಟ್ಟಿ ಆತನ ಸ್ಮಾರಕವಾಗಿ ಅರ್ಪಿಸಿದರು. ಸಾಮಾನ್ಯವಾಗಿ ಹವ್ಯಾಸಿಯ ಕರೆಸಂಕೇತ ಆತನೊಡನೆಯೇ ಮೌನವಾಗುತ್ತದೆ. ಮ್ಯಾಕ್ಸಿಮನ ಸಂಕೇತವಾದ ಡಬ್ಲ್ಯು 1 ಎ ಡಬ್ಲ್ಯು ಎಂಬುದನ್ನು ಸರ್ಕಾರ ಲೀಗಿಗೆ ಕೊಟ್ಟಿತು. ಆ ಕೇಂದ್ರದಿಂದ ಅದು ಇಂದಿಗೂ ಹೊರಡುತ್ತಿದೆ.

ದನಿ ದಾಟಿಸುವ ಯಂತ್ರ ಬೆಟ್ಟದಲ್ಲಿಯೇ ನಿಲ್ಲದೆ ಆಕಾಶಕ್ಕೂ ಏರಿತು. 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಹಾರಿದ ಹ್ಯಾಮ್‌ಸ್ಯಾಟ್ ಎಂಬ ನಲವತ್ತೆರಡೂವರೆ ಕಿಲೋ ತೂಕದ ಉಪಗ್ರಹ ರೂಪುಗೊಂಡದ್ದು ಬೆಂಗಳೂರಿನಲ್ಲಿ. ಅದರೊಳಗಿನ ಎರಡು ಮರುಪ್ರಸಾರ ಸಾಧನಗಳಲ್ಲಿ ಒಂದು ಭಾರತೀಯರದು, ಇನ್ನೊಂದು ಹಾಲೆಂಡಿನ ಹವ್ಯಾಸಿಯೊಬ್ಬನದು. ಒಂಬತ್ತು ವರ್ಷ ಅದು ನಾನಾ ದೇಶಗಳ ಹವ್ಯಾಸಿಗಳ ಮಾತನ್ನು ದಾಟಿಸಿ, 2014ರ ಜುಲೈಯಲ್ಲಿ ಬ್ಯಾಟರಿ ಕೆಟ್ಟು ಮೌನವಾಯಿತು. ವಿಂಡ್ಸರ್ ಲಾಕ್ಸಿನ ಆ ರಾತ್ರಿಗೆ ಅಂದಿಗೆ ನೂರು ವರ್ಷ ತುಂಬಿತ್ತು.

ಬೆಟ್ಟದಿಂದ ಇಳಿಯುವಾಗ ಕತ್ತಲಾಗಿತ್ತು. ವಿದ್ಯಾರ್ಥಿ ಜೇಬಿನ ಸಾಧನವನ್ನು ತೆರೆದು ನನ್ನ ಕಿವಿಯ ಬಳಿ ಹಿಡಿದನು. ಯಾರೂ ಮಾತನಾಡುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೇಲಿನ ಯಂತ್ರ ತನ್ನ ಹೆಸರನ್ನು ಮಾರ್ಸನ ಸಂಕೇತದಲ್ಲಿ ತಾನೇ ಒಮ್ಮೆ ಹೇಳಿಕೊಂಡು ಸುಮ್ಮನಾಯಿತು. ನಾವು ಟಾರ್ಚಿನ ಬೆಳಕಿನಲ್ಲಿ ಕಲ್ಲು ನೋಡಿಕೊಂಡು ಕೆಳಗಿಳಿದೆವು.